ದಾರಿಬುತ್ತಿ: ಹೆಗಲ ಚೀಲ ಹಗುರ, ಚಿತ್ರ ಸಾವಿರ



ಊರಿಗೆ ಹೊರಡುವ ದಿನಗಳು ಹತ್ತಿರವಾದವು. ಕುರ್ಲಾದ ಲೋಕಮಾನ್ಯ ತಿಲಕ ಟರ್ಮಿನಸ್ಸಿನಲ್ಲಿ ಒಂದರ್ಧ ಗಂಟೆ ನಿಂತರೆ ಸಾಕು, ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವವರು ಯಾರು, ಊರಿನಿಂದ ಬಂದಿಳಿದವರು ಯಾರು ಎಂಬುದು ಯಾರನ್ನೂ ಕೇಳದೆಯೇ ತಿಳಿಯುತ್ತದೆ. ಹೋಗುವವರ ಹೆಗಲಲ್ಲಿ ಒಂದು ಚೀಲ, ಹೆಚ್ಚೆಂದರೆ ಕೈಯಲ್ಲಿ ಇನ್ನೊಂದು. ಬಂದಿಳಿದವರ ಸುತ್ತ ಗೋಣಿಯಲ್ಲಿ ಹೊಲಿದ ತೆಂಗಿನಕಾಯಿ, ಕುಚ್ಚಲಕ್ಕಿಯ ಮೂಟೆ, ಹಲಸಿನ ಹಪ್ಪಳದ ಡಬ್ಬ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುತ್ತಿ ಕಟ್ಟಿದ ಮಿಡಿ ಉಪ್ಪಿನಕಾಯಿ. ಇಷ್ಟರ ನಡುವೆ ಎಲ್ಲೋ ಒಂದು ಮಗು. ಹೋಗುವಾಗಿನ ಹಗುರವೆಲ್ಲ ಬರುವಾಗಿನ ಭಾರಕ್ಕೆ ಮಾಡಿಟ್ಟ ಜಾಗ ಎಂಬುದು ಹೊರನಾಡಿನಲ್ಲಿರುವ ನಮಗೆಲ್ಲ ಗೊತ್ತಿರುವ ಲೆಕ್ಕ. ಈ ಲೆಕ್ಕದಲ್ಲಿ ಮೊದಲು ಮನೆಯಲ್ಲೇ ಉಳಿಯುವುದು ದೊಡ್ಡ ಕ್ಯಾಮರಾ, ಅದರ ಹಿಂದೆಯೇ ಲ್ಯಾಪ್‌ಟಾಪು.

ಉಳಿದರೆ ಉಳಿಯಲಿ ಬಿಡಿ. ಜೇಬಿನಲ್ಲಿರುವ ಮೊಬೈಲಿನಲ್ಲೇ ಫೋಟೋ ತೆಗೆದು, ಅದರಲ್ಲೇ ತಿದ್ದಿ, ಅದರಿಂದಲೇ ಬಂಧುಬಳಗಕ್ಕೆ ಕಳುಹಿಸಿ, ಊರಿನಿಂದ ಮರಳುವಾಗ ಏನೂ ಕಳೆದುಕೊಳ್ಳದೆ ಬರುವುದು ಹೇಗೆ ಎಂದು ಹಲವರು ಕೇಳುತ್ತಿರುತ್ತಾರೆ. ಈ ತಿಂಗಳ ಬುತ್ತಿ ಅದೇ.

ಹಗುರವೆಂಬುದು ಎಷ್ಟು ದೊಡ್ಡ ಭಾಗ್ಯ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಗೆ ಬಂದು ಫೋಟೋ ತೆಗೆದ. ಆಗ ಫಿಲ್ಮೂ ಇಲ್ಲ, ರೋಲೂ ಇಲ್ಲ. ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದಗಳೇ ನೆಗೆಟಿವ್. ಅಷ್ಟು ದೊಡ್ಡ ಕಾಗದ ಹಿಡಿಸುವ ಮರದ ಪೆಟ್ಟಿಗೆಯೇ ಕ್ಯಾಮರಾ. ಅದರ ಜೊತೆಗೆ ಮೂರು ಕಾಲಿನ ಸ್ಟ್ಯಾಂಡು, ರಾಸಾಯನಿಕಗಳು, ಕತ್ತಲು ಮಾಡಿಕೊಳ್ಳುವ ವ್ಯವಸ್ಥೆ. ಹಂಪಿಯ ಬಿಸಿಲನ್ನು, ಆ ಬಂಡೆಗಳನ್ನು ಕಂಡವರು ಈ ಸಾಮಾನು ಸಾಗಿಸಿದ ಆಳುಗಳನ್ನು ನೆನೆದು ಒಂದು ನಿಟ್ಟುಸಿರು ಬಿಡಬೇಕು. ಇಷ್ಟೆಲ್ಲ ಹೊತ್ತು ತೆಗೆದ ಅವನ ಚಿತ್ರಗಳ ವಿಚಾರಕ್ಕೆ ಮತ್ತೆ ಬರುತ್ತೇನೆ. ಅದರಲ್ಲಿ ನಮಗೊಂದು ಕೆಲಸದ ಮಾತಿದೆ.

ಹಗುರವಾಗಿ ತಿರುಗಿದವರ ಪೈಕಿ ದೊಡ್ಡ ಹೆಸರು ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸಾನ್. ೧೯೪೭ರ ಕೊನೆಯಲ್ಲಿ ಭಾರತಕ್ಕೆ ಬಂದು, ೧೯೪೮ರ ಜನವರಿಯಲ್ಲಿ ಗಾಂಧೀಜಿಯವರ ಕೊನೆಯ ದಿನಗಳನ್ನೂ ಅವರ ಅಂತ್ಯಯಾತ್ರೆಯನ್ನೂ ಚಿತ್ರಿಸಿದ ಮಹಾಶಯ ಇವನೇ. ಅವನ ಬಳಿ ಇದ್ದದ್ದು ಅಂಗೈಗೆ ಸ್ವಲ್ಪ ಹೆಚ್ಚಾಗುವ ಲೈಕಾ ಕ್ಯಾಮರಾ. ಬಹುಪಾಲು ಕೆಲಸವೆಲ್ಲ ೫೦ ಮಿಲಿಮೀಟರಿನ ಒಂದೇ ಲೆನ್ಸಿನಲ್ಲಿ. ತೆಗೆದ ರೋಲನ್ನು ತಾನು ತೊಳೆಯುವ ಗೋಜಿಗೂ ಹೋಗುತ್ತಿರಲಿಲ್ಲ; ಹಾಗೆಯೇ ಕಟ್ಟಿ ಮ್ಯಾಗ್ನಂ ಸಂಸ್ಥೆಗೆ ಕಳುಹಿಸುತ್ತಿದ್ದ. ತೆಗೆದ ಚಿತ್ರದ ಅಂಚನ್ನು ಕತ್ತರಿಸುವುದು ಅವನಿಗೆ ಸೇರದು. ಹೊತ್ತ ಭಾರ ಕಡಿಮೆಯಾದಷ್ಟೂ ಕಣ್ಣಿಗೆ ಕೆಲಸ ಹೆಚ್ಚು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಮನೆಗಳ ಮಟ್ಟಿಗೆ ಹೇಳುವುದಾದರೆ, ಹಿಂದೆ ಆಗ್ಫಾ ಕ್ಲಿಕ್ ಥ್ರೀ ಎಂಬ ಪೆಟ್ಟಿಗೆ ಇತ್ತಲ್ಲ, ಒಂದು ರೋಲಿಗೆ ೧೨ ಚಿತ್ರ. ಆಮೇಲೆ ಬಂದ ೩೫ ಮಿಲಿಮೀಟರಿನ ರೋಲಿಗೆ ೩೬. ಮೇ ತಿಂಗಳಲ್ಲಿ ಊರಿಗೆ ಹೋದಾಗ ಹಾಕಿಸಿದ ರೋಲಿನಲ್ಲಿ ಎರಡು ಮೂರು ಉಳಿದು, ಅದನ್ನು ಚೌತಿಗೆ ಮುಗಿಸಿ, ತೊಳೆಸಿ ನೋಡುವಾಗ ದೀಪಾವಳಿ. ಒಂದೊಂದು ಚಿತ್ರಕ್ಕೂ ದುಡ್ಡು ಬೀಳುತ್ತಿದ್ದುದರಿಂದ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಉಸಿರು ಬಿಗಿಹಿಡಿಸಿ, ಒಂದೇ ಸಲ. ಈಗ ರೋಲಿನ ಖರ್ಚಿಲ್ಲ. ಆದ್ದರಿಂದ ಒಂದು ತುಳಸಿಕಟ್ಟೆಗೆ ಹದಿನಾಲ್ಕು ಫೋಟೋ. ಎಂಟು ದಿನದ ರಜೆ ಮುಗಿಸಿ ಬರುವಾಗ ಮೊಬೈಲಿನಲ್ಲಿ ಒಂದೂವರೆ ಸಾವಿರ ಚಿತ್ರ ಕುಳಿತಿರುತ್ತವೆ. ನೋಡುವವರು ಯಾರು? ತೆಗೆದವನೂ ನೋಡುವುದಿಲ್ಲ.

ಆದ್ದರಿಂದ ಮೊದಲನೆಯ ಕೆಲಸ ತಿದ್ದುವುದಲ್ಲ, ಆರಿಸುವುದು. ಅಕ್ಕಿ ಆರಿಸಿದ ಹಾಗೆ. ಇದಕ್ಕೆ ರೈಲಿಗಿಂತ ಒಳ್ಳೆಯ ಜಾಗ ಇಲ್ಲ. ೧೯೯೮ರ ಜನವರಿ ೨೬ರಂದು ಕೊಂಕಣ ರೈಲುಮಾರ್ಗ ಪೂರ್ತಿ ತೆರೆದ ಮೇಲೆ ನಮ್ಮ ಕರಾವಳಿಯವರಿಗೆ ಒಂದು ರಾತ್ರಿಯ ಪ್ರಯಾಣವೆಂಬ ವರ ಸಿಕ್ಕಿತು. ಆ ದಾರಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ; ರತ್ನಾಗಿರಿಯ ಹತ್ತಿರದ ಕರಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರು. ಸುರಂಗ ಹೊಕ್ಕಾಗ ನೆಟ್‌ವರ್ಕ್ ಸತ್ತುಹೋಗುತ್ತದೆ. ಅರ್ಧ ಹೋದ ಫೋಟೋ ಅಲ್ಲೇ ಗಿರಗಿರನೆ ಸುತ್ತುತ್ತಾ ಬ್ಯಾಟರಿ ತಿನ್ನುತ್ತದೆ. ಹಾಗಾಗಿ ಆ ದಾರಿಯಲ್ಲಿ ಕಳುಹಿಸುವ ಪ್ರಯತ್ನವೇ ಬೇಡ. ಮೊಬೈಲನ್ನು ವಿಮಾನದ ಗುರುತಿನ ಮೇಲೆ ಇಟ್ಟು, ಸಂಪರ್ಕವೆಲ್ಲ ಕಡಿದು, ಕುಳಿತು ಆರಿಸಿ. ಕಣ್ಣು ಮುಚ್ಚಿದವು, ಅಲುಗಾಡಿದವು, ಒಂದೇ ತರಹದ ಐದರಲ್ಲಿ ನಾಲ್ಕು, ಬೆರಳು ಅಡ್ಡ ಬಂದವು, ನೆಲದ ಫೋಟೋ, ಜೇಬಿನೊಳಗಿನ ಕತ್ತಲೆಯ ಫೋಟೋ ಎಲ್ಲವನ್ನೂ ತೆಗೆದು ಹಾಕಿ. ಉಳಿದವುಗಳಲ್ಲಿ ಮನಸ್ಸಿಗೆ ಬಂದವಕ್ಕೆ ಹೃದಯದ ಗುರುತೋ ನಕ್ಷತ್ರದ ಗುರುತೋ ಹಾಕಿ. ದಿನಕ್ಕೆ ಹತ್ತು ಉಳಿದರೆ ಅದು ಧಾರಾಳ. ಆಯ್ಕೆಯಾದ ಹತ್ತನ್ನು ಮಾತ್ರ ತಿದ್ದಬೇಕು. ಒಂದೂವರೆ ಸಾವಿರವನ್ನು ತಿದ್ದಲು ಹೊರಟವನು ಊರನ್ನೇ ನೋಡುವುದಿಲ್ಲ.

ತಿದ್ದುವ ಸಲಕರಣೆ ಬಹಳ ಬೇಕಿಲ್ಲ. ಮೊಬೈಲಿನ ಫೋಟೋ ಗ್ಯಾಲರಿಯಲ್ಲೇ ಸಾಕಷ್ಟಿದೆ. ಇನ್ನೂ ಸ್ವಲ್ಪ ಬೇಕೆಂದರೆ ಸ್ನ್ಯಾಪ್‌ಸೀಡ್ ಎಂಬುದೊಂದಿದೆ. ೨೦೧೧ರಲ್ಲಿ ಬಂದದ್ದು, ಮರುವರ್ಷ ಗೂಗಲ್ ಕೊಂಡುಕೊಂಡಿತು, ಕಾಸು ಕೊಡಬೇಕಿಲ್ಲ. ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ, ಸುರಂಗದಲ್ಲೂ ಸರಿ. ನನ್ನ ಕ್ರಮ ಇಷ್ಟೇ: ಮೊದಲು ಗೆರೆ ನೇರ ಮಾಡುವುದು. ಸಮುದ್ರ ಒಂದು ಕಡೆಗೆ ಚೆಲ್ಲಿಹೋಗುವಂತಿರುವ ಮಲ್ಪೆಯ ಚಿತ್ರಗಳನ್ನು ಎಷ್ಟು ನೋಡಿದ್ದೇವೆ! ಎರಡನೆಯದು ಅಂಚಿನ ಕಸ ಕತ್ತರಿಸುವುದು. ಮೂರನೆಯದು ಬೆಳಕು. ಬಣ್ಣಕ್ಕೆ ಕೈಹಾಕುವುದು ಕಟ್ಟಕಡೆಗೆ, ಅದೂ ಹೆದರಿ ಹೆದರಿ.

ಬೆಳಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಾದಾಮಿಯ ಮೂರನೆಯ ಗುಹೆ ನೋಡಿದ್ದೀರಲ್ಲ, ಮಂಗಳೇಶನ ಕಾಲದ್ದು, ಕ್ರಿಸ್ತಶಕ ೫೭೮ರ ಶಾಸನವಿರುವುದು. ಆದಿಶೇಷನ ಮೇಲೆ ಕುಳಿತ ವಿಷ್ಣುವನ್ನು ತೆಗೆಯಲು ಹೋದರೆ, ಕಂಬದಾಚೆಯ ಹೊರಗಿನ ಬೆಳಕು ಕಣ್ಣು ಕುಕ್ಕುತ್ತದೆ, ಒಳಗಿನ ವಿಗ್ರಹ ಕಪ್ಪಾಗುತ್ತದೆ. ಮೊಬೈಲಿಗೆ ಯಾವುದನ್ನು ನೋಡಬೇಕೆಂದು ತಿಳಿಯದೆ ಎರಡನ್ನೂ ಕೆಡಿಸುತ್ತದೆ. ತೆಗೆಯುವಾಗಲೇ ವಿಗ್ರಹದ ಮುಖದ ಮೇಲೆ ಬೆರಳಿಟ್ಟರೆ ಅದು ಅಲ್ಲಿನ ಬೆಳಕಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ತಿದ್ದುವಾಗ ಇಡೀ ಚಿತ್ರವನ್ನು ಬೆಳಗಿಸಬಾರದು. ನೆರಳನ್ನಷ್ಟೇ ಎತ್ತಿ, ಬೆಳಕಿನ ಭಾಗವನ್ನಷ್ಟೇ ಇಳಿಸಬೇಕು. ಅದಕ್ಕೆ ಬೇರೆ ಬೇರೆ ಪಟ್ಟಿಗಳಿವೆ. ಸ್ನ್ಯಾಪ್‌ಸೀಡಿನಲ್ಲಿ ‘ಸೆಲೆಕ್ಟಿವ್’ ಎಂಬುದನ್ನು ಒತ್ತಿ ವಿಷ್ಣುವಿನ ಮುಖದ ಮೇಲೆ ಒಂದು ಚುಕ್ಕಿ ಇಟ್ಟು, ಎರಡು ಬೆರಳಿನಿಂದ ವೃತ್ತವನ್ನು ಹಿಗ್ಗಿಸಿ ಕುಗ್ಗಿಸಿ, ಅಲ್ಲಿಗೆ ಮಾತ್ರ ಬೆಳಕು ಕೊಡಬಹುದು. ಹಿಂದೆ ಕತ್ತಲೆ ಕೋಣೆಯಲ್ಲಿ ಸ್ಟುಡಿಯೋದವರು ರಟ್ಟಿನ ತುಂಡು ಹಿಡಿದು ನೆರಳು ಬೆಳಕು ಸರಿಮಾಡುತ್ತಿದ್ದರಲ್ಲ, ಇದು ಅದರದೇ ಮೊಮ್ಮಗ.

ಬಾದಾಮಿಯ ಕಲ್ಲು ಕೆಂಪು. ಆದರೆ ಎಷ್ಟು ಕೆಂಪು? ಮೊಬೈಲಿನ ‘ಆಟೋ’ ಗುಂಡಿ ಒತ್ತಿದರೆ ಅದು ಕಾವಿ ಬಳಿದ ಹಾಗಾಗುತ್ತದೆ, ಅಗಸ್ತ್ಯ ತೀರ್ಥದ ನೀರು ಈಜುಕೊಳದ ನೀಲಿಯಾಗುತ್ತದೆ. ಜೋಗದಲ್ಲಿ ಇದರ ತಿರುವು ಮುರುವು. ಮಳೆಗಾಲದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಮಂಜಿನಲ್ಲಿ ಮುಳುಗಿದಾಗ ಚಿತ್ರ ಮಾಸಲು ಮಾಸಲು. ಮಂಜು ತೆಗೆಯುವ ಗುಂಡಿಯೂ ಈಗ ಇದೆ. ಒತ್ತಿದರೆ ೨೫೩ ಮೀಟರಿನ ಜಲಪಾತ ಗರಗರನೆ ಎದ್ದು ಕಾಣುತ್ತದೆ, ನಿಜ. ಜೋಗ ಮಾತ್ರ ಮಾಯವಾಗುತ್ತದೆ. ಮಂಜಿಲ್ಲದ ಆಷಾಢದ ಜೋಗವನ್ನು ಯಾರು ಕಂಡಿದ್ದಾರೆ? ನಾನಂತೂ ಆ ಗುಂಡಿಯನ್ನು ಕಾಲುಭಾಗಕ್ಕಿಂತ ಮುಂದಕ್ಕೆ ತಳ್ಳುವುದಿಲ್ಲ. ಬಣ್ಣದ ವಿಷಯದಲ್ಲಿ ಒಂದು ಸುಲಭದ ಪರೀಕ್ಷೆ: ತಿದ್ದಿದ ಚಿತ್ರವನ್ನು ಅರ್ಧ ಗಂಟೆ ಬಿಟ್ಟು, ಕಿಟಕಿಯಿಂದ ಹೊರಗೆ ನೋಡಿ, ಮತ್ತೆ ನೋಡಬೇಕು. ಕಣ್ಣಿಗೆ ಉಪ್ಪು ಹೆಚ್ಚಾದದ್ದು ಆಗ ಗೊತ್ತಾಗುತ್ತದೆ.

ಇನ್ನು ಮುಖದ ವಿಷಯ. ಎಷ್ಟೋ ಮೊಬೈಲುಗಳಲ್ಲಿ ಮುಂದಿನ ಕ್ಯಾಮರಾಕ್ಕೆ ಚೆಲುವು ಹೆಚ್ಚಿಸುವ ವ್ಯವಸ್ಥೆಯನ್ನು ಅಂಗಡಿಯಿಂದಲೇ ಹಾಕಿ ಕಳುಹಿಸಿರುತ್ತಾರೆ. ಅದಕ್ಕೆ ಸುಕ್ಕು ಕಂಡರಾಗದು, ಕಪ್ಪು ಕಂಡರಾಗದು. ಎಂಬತ್ತು ವರ್ಷ ಗದ್ದೆಯ ಬಿಸಿಲಿನಲ್ಲಿ ನಿಂತ ದೊಡ್ಡಮ್ಮನ ಮುಖವನ್ನು ಮೈದಾ ಹಿಟ್ಟು ಮೆತ್ತಿದಂತೆ ನುಣ್ಣಗೆ ಮಾಡಿಬಿಡುತ್ತದೆ. ಇದನ್ನು ಹೊರಡುವ ಮೊದಲೇ ಹುಡುಕಿ ಆರಿಸಿಬಿಡಿ. ಆ ಸುಕ್ಕುಗಳನ್ನು ನೋಡಲೆಂದೇ ನಾವು ಊರಿಗೆ ಹೋಗುವುದು.

ಅಳಿಸುವ ಯಂತ್ರವೂ ಬಂದಿದೆ. ಗೂಗಲಿನವರು ೨೦೨೧ರಲ್ಲಿ ತಮ್ಮದೇ ಫೋನುಗಳಿಗೆ ಕೊಟ್ಟಿದ್ದ ಮಾಯಾ ರಬ್ಬರು ೨೦೨೪ರಿಂದ ಬೇರೆ ಫೋನಿನವರಿಗೂ ಕಾಸಿಲ್ಲದೆ ಸಿಗುತ್ತಿದೆ. ದೇವಸ್ಥಾನದ ಮುಂದಿನ ಕರೆಂಟಿನ ತಂತಿ, ಕಸದ ತೊಟ್ಟಿ, ಹಿಂದೆ ನಿಂತ ಅಪರಿಚಿತರು, ಬೇಕಾದರೆ ಮಾತುಬಿಟ್ಟ ಷಡ್ಡಕ, ಯಾರನ್ನೂ ಬೆರಳಿನಿಂದ ಉಜ್ಜಿ ಅಳಿಸಬಹುದು. ತಂತಿ ಅಳಿಸುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಅಳಿಸದ ಪ್ರತಿಯೊಂದನ್ನು ಇಟ್ಟುಕೊಂಡೇ ಅಳಿಸಬೇಕು. ಇಲ್ಲಿಯೇ ಗ್ರೀನ್‌ಲಾ ಮತ್ತೆ ಬರುತ್ತಾನೆ. ವಿಜಯ ವಿಠ್ಠಲನ ಗುಡಿಯ ಮುಂದಿನ ಕಲ್ಲಿನ ರಥವನ್ನು ಎಲ್ಲರೂ ಬಲ್ಲೆವು. ೨೦೧೭ರಿಂದ ೫೦ ರೂಪಾಯಿಯ ನೋಟಿನ ಹಿಂಬದಿಯಲ್ಲೂ ಇದೆ. ಚಪ್ಪಟೆ ನೆತ್ತಿಯ ಆ ರಥವೇ ನಮ್ಮ ಮನಸ್ಸಿನಲ್ಲಿರುವುದು. ೧೮೫೬ರ ಅವನ ಚಿತ್ರದಲ್ಲಾದರೋ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವಿದೆ! ಆಮೇಲೆ ಅದು ಹೋಯಿತು. ಅರ್ಧ ಕುಸಿದ ಇಟ್ಟಿಗೆ ಗೋಪುರ, ಗೋಡೆಯಲ್ಲಿ ಬೆಳೆದ ಗಿಡ ಇವೆಲ್ಲ ಅಂದಿನವರ ಕಣ್ಣಿಗೆ ಅಂದಗೆಡಿಸುವ ವಸ್ತುಗಳಾಗಿದ್ದಿರಬಹುದು. ಅಳಿಸುವ ರಬ್ಬರು ಅವನ ಕೈಯಲ್ಲಿರಲಿಲ್ಲವಾದ್ದರಿಂದ ಶಿಖರ ನಮಗೆ ಉಳಿದಿದೆ. ನಾವು ಇಂದು ಅಂದಗೇಡೆಂದು ಉಜ್ಜುವ ಹೆಂಚಿನ ಮಾಡು, ಬಚ್ಚಲಿನ ಹಂಡೆ, ಅಂಗಳದ ಸೆಗಣಿ ರಾಶಿ ನಾಳೆ ಯಾರಿಗೆ ಯಾವ ಶಿಖರವಾಗುತ್ತದೋ.

ಹಂಚಿಕೊಳ್ಳುವ ವಿಷಯಕ್ಕೆ ಬರೋಣ. ಪ್ರವಾಸದ ನಡುವೆಯೇ ಫೋಟೋ ಕಳುಹಿಸುವುದು ಬರಿಯ ತೋರಿಕೆ, ಮನೆಗೆ ಬಂದು ಕಳುಹಿಸಿದರಾಗದೇ ಎಂದು ಕೆಲವರು ಗದರುತ್ತಾರೆ. ಅರ್ಧ ಒಪ್ಪುತ್ತೇನೆ. ತಟ್ಟೆಯ ಮುಂದಿನ ನೀರುದೋಸೆಯ ಫೋಟೋ ನಲವತ್ತು ಮಂದಿಯ ಗುಂಪಿಗೆ ಹೋಗದಿದ್ದರೆ ಯಾರಿಗೂ ಹಸಿವೆಯಾಗುವುದಿಲ್ಲ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಊರಿಗೆ ಹೋಗಲಾಗದೆ ಹಿಂದೆ ಉಳಿದವರು ಒಬ್ಬರಿರುತ್ತಾರೆ. ಮೊಣಕಾಲು ನೋವಿನಿಂದ ಇನ್ನು ರೈಲು ಹತ್ತುವುದಿಲ್ಲವೆಂದು ಡೊಂಬಿವಲಿಯದೋ ಗೋರೆಗಾಂವದೋ ಮೂರನೆಯ ಮಾಳಿಗೆಯಲ್ಲಿ ಕುಳಿತ ಅಜ್ಜಿ. ರಥೋತ್ಸವದ ದಿನ ಅವರಿಗೆ ಚಿತ್ರ ಮರುದಿನ ತಲುಪಿದರೆ ಅದು ಮರುದಿನದ್ದೇ. ತೇರು ನಿಂತ ಜಾಗದಿಂದ ಹೊರಟ ಗಳಿಗೆಯಲ್ಲಿ ಬಂದರೆ ಅವರು ಕೈಮುಗಿಯುತ್ತಾರೆ.

ಅಂಥವರು ಏನು ನೋಡುತ್ತಾರೆಂಬುದನ್ನೂ ಗಮನಿಸಬೇಕು. ಸೂರ್ಯಾಸ್ತ ಅವರಿಗೆ ಬೇಡ. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ಹಿಂದಿನ ಸಾಲಿನ ಮುಖ ಹುಡುಕುತ್ತಾರೆ. ‘ಇವಳು ಕೆಳಮನೆಯ ಹುಡುಗಿಯಲ್ಲವಾ, ಎಷ್ಟು ಸೊರಗಿದ್ದಾಳೆ’ ಎನ್ನುತ್ತಾರೆ. ಬಾವಿಯ ಕಟ್ಟೆಗೆ ಸಿಮೆಂಟು ಹಾಕಿಸಿದರೋ, ಹಿತ್ತಿಲಿನ ಹಲಸಿನ ಮರ ಇದೆಯೋ ಕಡಿದರೋ, ದೇವರ ಕೋಣೆಯ ದೀಪ ಯಾವ ಕಡೆಗೆ ಇಟ್ಟಿದ್ದಾರೆ, ಇವೆಲ್ಲ ಅವರಿಗೆ ಬೇಕು. ಆದ್ದರಿಂದ ದಿನಕ್ಕೆ ಐದೇ ಕಳುಹಿಸಿ. ಆ ಐದರಲ್ಲಿ ಮೂರು ಇಂಥವಿರಲಿ. ಒಟ್ಟಿಗೆ ಎಂಬತ್ತು ಸುರಿದರೆ ಮೊಮ್ಮಕ್ಕಳು ಬಂದು ತೋರಿಸುವ ತನಕ ಅವರು ಮುಟ್ಟುವುದೂ ಇಲ್ಲ. ಚಿತ್ರದ ಕೆಳಗೆ ಟೈಪು ಮಾಡಲು ಸೋಮಾರಿತನವಾದರೆ ಬಾಯಿಮಾತಿನಲ್ಲಿ ಅರ್ಧ ನಿಮಿಷ ಹೇಳಿ ಕಳುಹಿಸಿದರೂ ಆಯಿತು. ಹಿಂದಿನಿಂದ ಚೆಂಡೆಯ ಸದ್ದು ಕೇಳಿದರೆ ಇನ್ನೂ ಒಳ್ಳೆಯದು.

ವಾಟ್ಸಾಪಿನಲ್ಲಿ ಕಳುಹಿಸಿದ್ದು ನೋಡುವುದಕ್ಕೆ, ಇಟ್ಟುಕೊಳ್ಳುವುದಕ್ಕಲ್ಲ. ಇದನ್ನು ಎಷ್ಟು ಹೇಳಿದರೂ ಸಾಲದು. ಲೆಕ್ಕ ಸರಳವಾಗಿದೆ. ಸಾಧಾರಣ ೧೨ ಮೆಗಾಪಿಕ್ಸೆಲ್ ಮೊಬೈಲಿನ ಚಿತ್ರದ ಉದ್ದ ೪೦೦೦ ಚುಕ್ಕಿ, ಅಗಲ ೩೦೦೦ ಚುಕ್ಕಿ. ಕಾಗದದ ಮೇಲೆ ಸ್ವಚ್ಛವಾಗಿ ಮೂಡಬೇಕಾದರೆ ಅಂಗುಲಕ್ಕೆ ೩೦೦ ಚುಕ್ಕಿ ಬೇಕು. ಅಂದರೆ ಮೂಲ ಚಿತ್ರದಿಂದ ಹದಿಮೂರು ಅಂಗುಲ ಉದ್ದ, ಹತ್ತು ಅಂಗುಲ ಅಗಲದ ಪಟ ಸಲೀಸಾಗಿ ಬರುತ್ತದೆ. ವಾಟ್ಸಾಪಿನಲ್ಲಿ ಸುಮ್ಮನೆ ಕಳುಹಿಸಿದಾಗ ಅದು ಉದ್ದವನ್ನು ಸುಮಾರು ೧೬೦೦ ಚುಕ್ಕಿಗೆ ಇಳಿಸುತ್ತದೆ, ಮೇಲಿಂದ ಇನ್ನಷ್ಟು ಹಿಂಡುತ್ತದೆ. ಅದರಿಂದ ಬರುವುದು ಐದು ಅಂಗುಲದ ಪಟ. ಒಂದು ಪೋಸ್ಟ್‌ಕಾರ್ಡು.

ಐದು ಅಂಗುಲ ಎಂದರೆ ಏನೆಂಬುದು ಒಂದು ಮನೆಯಲ್ಲಿ ನೋಡಿದೆ. ಸಂಘದ ಕಾರ್ಯಕ್ರಮಗಳಿಗೆ ತಪ್ಪದೆ ಬರುತ್ತಿದ್ದ ಹಿರಿಯರೊಬ್ಬರು ತೀರಿಕೊಂಡರು. ಹದಿಮೂರನೆಯ ದಿನಕ್ಕೆ ಪಟ ಕಟ್ಟಿಸಬೇಕು. ಹಿಂದಿನ ವರ್ಷ ಊರಿನ ಜಾತ್ರೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ, ಹೆಗಲ ಮೇಲೆ ಶಾಲು ಹಾಕಿಕೊಂಡು ಬಾಯ್ತುಂಬ ನಗುತ್ತ ನಿಂತ ಫೋಟೋ ಎಲ್ಲರಿಗೂ ನೆನಪಿದೆ. ಎಲ್ಲರ ಮೊಬೈಲಿನಲ್ಲೂ ಇದೆ. ಆದರೆ ಎಲ್ಲವೂ ಗುಂಪಿನಿಂದ ಬಂದದ್ದೇ. ತೆಗೆದ ಮೊಮ್ಮಗನ ಹಳೆಯ ಫೋನು ಕೆಟ್ಟು, ಬದಲಾಗಿ ಹೋಗಿತ್ತು, ಮೂಲ ಎಲ್ಲೂ ಉಳಿದಿರಲಿಲ್ಲ. ಹದಿನೈದು ಮಂದಿಯ ಚಿತ್ರದಲ್ಲಿ ಅವರ ಮುಖವಿದ್ದದ್ದು ಹೆಬ್ಬೆಟ್ಟಿನ ಉಗುರಿನಷ್ಟು. ಸ್ಟುಡಿಯೋದವನು ದೊಡ್ಡದು ಮಾಡಿದಾಗ ಮುಖ ಚೌಕ ಚೌಕವಾಗಿ ಒಡೆಯಿತು. ಈಗಿನ ಕೃತಕ ಬುದ್ಧಿಯ ಯಂತ್ರಕ್ಕೆ ಕೊಟ್ಟು ನೋಡೋಣ ಎಂದ. ಕೊಟ್ಟ. ಚೊಕ್ಕವಾದ ಮುಖ ಬಂತು. ಹಲ್ಲಿನ ಸಾಲು ಹೊಸತು, ಎಡಗಣ್ಣಿನ ಕೆಳಗಿದ್ದ ಮಚ್ಚೆ ಇಲ್ಲ, ಹುಬ್ಬು ಬೇರೆ ಯಾರದೋ. ಮಗಳು ಒಂದು ಕ್ಷಣ ನೋಡಿ, ‘ಇವರು ಅಪ್ಪ ಅಲ್ಲ’ ಎಂದು ಹಿಂದಿರುಗಿಸಿದರು. ಕೊನೆಗೆ ಗೋಡೆಯ ಮೇಲೆ ಬಂದದ್ದು ಬ್ಯಾಂಕಿನ ಕಾಗದಕ್ಕೆಂದು ಎಂದೋ ತೆಗೆಸಿದ್ದ, ನಗು ಇಲ್ಲದ, ಪಾಸ್‌ಪೋರ್ಟ್ ಅಳತೆಯ ಪಟದಿಂದ ಮಾಡಿಸಿದ್ದು. ಆ ಯಂತ್ರದ್ದು ತಪ್ಪೆಂದು ಹೇಳಲಾರೆ. ಇಲ್ಲದ ಚುಕ್ಕಿಗಳನ್ನು ಅದು ಎಲ್ಲಿಂದ ತರಬೇಕು? ಸಾವಿರಾರು ಅನ್ಯರ ಮುಖದಿಂದ ಕಲಿತದ್ದನ್ನು ಊಹಿಸಿ ತುಂಬುತ್ತದೆ.

ಉಪಾಯ ಕಷ್ಟದ್ದಲ್ಲ. ೨೦೨೩ರ ಆಗಸ್ಟಿನಿಂದ ವಾಟ್ಸಾಪಿನಲ್ಲಿ ಫೋಟೋ ಕಳುಹಿಸುವಾಗ ಮೇಲ್ಗಡೆ ‘ಎಚ್‌ಡಿ’ ಎಂಬ ಗುರುತು ಬಂದಿದೆ. ಅದನ್ನು ಒತ್ತಿ ಕಳುಹಿಸಿದರೆ ಸಾಕಷ್ಟು ದೊಡ್ಡದಾಗಿ ಹೋಗುತ್ತದೆ, ಆದರೂ ಅದು ಮೂಲವಲ್ಲ. ಮೂಲವೇ ಹೋಗಬೇಕಾದರೆ ಫೋಟೋ ಎಂದು ಕಳುಹಿಸದೆ ‘ಡಾಕ್ಯುಮೆಂಟ್’ ಎಂದು ಕಳುಹಿಸಬೇಕು. ಒಂದು ಚುಕ್ಕಿಯೂ ಕಳೆಯುವುದಿಲ್ಲ. ಮನೆಮಂದಿಗೆಲ್ಲ ನೂರು ಚಿತ್ರ ಕೊಡಬೇಕೆಂದರೆ ಗೂಗಲ್ ಫೋಟೋಸ್‌ನಂಥಲ್ಲಿ ಆಲ್ಬಮ್ ಮಾಡಿ ಕೊಂಡಿ ಕಳುಹಿಸುವುದು ಲೇಸು. ಅಲ್ಲಿ ಎಷ್ಟಾದರೂ ಇಡಬಹುದೆಂಬ ಕಾಲ ೨೦೨೧ರ ಜೂನ್ ೧ಕ್ಕೆ ಮುಗಿಯಿತು. ಆಮೇಲಿನಿಂದ ಇ-ಮೇಲು, ಕಾಗದಪತ್ರ, ಫೋಟೋ ಎಲ್ಲ ಸೇರಿ ಪುಕ್ಕಟೆ ಜಾಗ ೧೫ ಗಿಗಾಬೈಟು. ಒಂದು ಫೋಟೋ ಮೂರರಿಂದ ಐದು ಮೆಗಾಬೈಟು ತಿಂದರೆ, ಫೋರ್‌ಕೆ ಗುಣಮಟ್ಟದ ಒಂದು ನಿಮಿಷದ ವಿಡಿಯೋ ಇನ್ನೂರು, ಮುನ್ನೂರು ತಿನ್ನುತ್ತದೆ. ಇಡೀ ಯಕ್ಷಗಾನವನ್ನು ಅದರಲ್ಲಿ ಹಿಡಿಯಲು ಹೊರಟವರಿಗೆ ನಮಸ್ಕಾರ.

ಒಂದು ಎಚ್ಚರ. ಮೂಲ ಚಿತ್ರದ ಹೊಟ್ಟೆಯೊಳಗೆ, ಫೋನಿನಲ್ಲಿ ಆ ವ್ಯವಸ್ಥೆ ಚಾಲೂ ಇದ್ದರೆ, ತೆಗೆದ ದಿನ, ಗಂಟೆ, ಜಾಗದ ಅಕ್ಷಾಂಶ ರೇಖಾಂಶ ಎಲ್ಲ ಬರೆದಿರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಎಂದು ಹೋದಾಗ ಅದು ಉದುರಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಹೋದಾಗ ಜೊತೆಯಲ್ಲೇ ಹೋಗುತ್ತದೆ. ಮನೆಯವರಿಗೆ ಕಳುಹಿಸುವಾಗ ಅದು ಒಳ್ಳೆಯದೇ, ಇಪ್ಪತ್ತು ವರ್ಷದ ಮೇಲೆ ಎಲ್ಲಿ ಯಾವಾಗ ಎಂದು ತಿಳಿಯುತ್ತದೆ. ಅಪರಿಚಿತರಿಗಾದರೆ ಬೇಡ. ಇನ್ನು ಕುಟುಂಬಸಮೇತ ಊರಿಗೆ ಬಂದಿದ್ದೇವೆ, ಹದಿನೆಂಟರ ತನಕ ಇಲ್ಲೇ ಎಂದು ಊರಿಗೆಲ್ಲ ಕಾಣುವಂತೆ ಫೇಸ್‌ಬುಕ್ಕಿನಲ್ಲಿ ಹಾಕುವುದೂ, ಮುಂಬಯಿಯ ಮನೆಬಾಗಿಲಿಗೆ ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಬೋರ್ಡು ತೂಗುಹಾಕುವುದೂ ಒಂದೇ. ಅದು ಮರಳಿ ಬಂದ ಮೇಲೆ ಆಗಬಹುದು. ಬೇರೆಯವರ ಮಕ್ಕಳ ಫೋಟೋ ಅವರ ತಾಯಿತಂದೆಯನ್ನು ಕೇಳದೆ ಹಾಕಬಾರದು. ಕೋಲ, ನೇಮದ ಅಂಗಳದಲ್ಲಿ ಮೊಬೈಲು ಎತ್ತುವ ಮೊದಲು ಮನೆಯ ಹಿರಿಯರ ಅಪ್ಪಣೆ ಬೇಕು. ಗರ್ಭಗುಡಿಯ ಮುಂದೆ ಹೆಚ್ಚಿನ ಕಡೆ ಎತ್ತುವಂತೆಯೇ ಇಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಮೊಬೈಲಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ಮೂರು ಕಾಲಿನ ಸ್ಟ್ಯಾಂಡಿಗೆ ಮುಂಚಿತ ಅನುಮತಿ ಬೇಕು. ಹಗುರ ಹೊರಟವರಿಗೆ ಆ ತಾಪತ್ರಯವೂ ಇಲ್ಲ.

ದಾರಿಯಲ್ಲಿ ಮೊಬೈಲೇ ಕಳೆದುಹೋದರೆ? ಅದಕ್ಕೆ ನನ್ನ ಚೀಲದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಪೆನ್‌ಡ್ರೈವ್ ಇರುತ್ತದೆ. ಎರಡೂ ತುದಿಯಲ್ಲಿ ಬಾಯಿ ಇರುವಂಥದ್ದು. ಒಂದನ್ನು ನೇರ ಮೊಬೈಲಿಗೇ ಚುಚ್ಚಬಹುದು. ರಾತ್ರಿ ಊಟವಾದ ಮೇಲೆ ಅಂದಿನ ಚಿತ್ರಗಳನ್ನು ಅದಕ್ಕೆ ಇಳಿಸಿ, ಮೊಬೈಲು ಇರುವ ಜೇಬು ಬಿಟ್ಟು ಬೇರೆ ಕಡೆ ಇಡುವುದು. ನೆಟ್‌ವರ್ಕಿಗೆ ಕಾಯಬೇಕಿಲ್ಲ, ಘಟ್ಟದ ಮೇಲಿನ ತೋಟದ ಮನೆಯಲ್ಲೂ ನಡೆಯುತ್ತದೆ. ಐಫೋನಿನವರಿಗೆ ಒಂದು ಮಾತು: ೨೦೧೭ರಿಂದೀಚೆಗೆ ಅದು ಹೈಕ್ ಎಂಬ ಬೇರೆ ಧಾಟಿಯಲ್ಲಿ ಫೋಟೋ ಕೂಡಿಡುತ್ತದೆ, ಊರಿನ ಸ್ಟುಡಿಯೋದ ಹಳೆಯ ಕಂಪ್ಯೂಟರು ಅದನ್ನು ತೆರೆಯುವುದಿಲ್ಲ. ಸೆಟ್ಟಿಂಗಿನಲ್ಲಿ ಕ್ಯಾಮರಾದ ಕೆಳಗೆ ‘ಮೋಸ್ಟ್ ಕಂಪ್ಯಾಟಿಬಲ್’ ಎಂದು ಮಾಡಿಕೊಂಡರೆ ಎಲ್ಲ ಕಡೆ ತೆರೆಯುವ ಜೆಪೆಗ್ ಆಗಿ ಬರುತ್ತದೆ. ಬ್ಯಾಟರಿಯ ವಿಷಯ ಹೇಳಬೇಕಿಲ್ಲ. ಪವರ್‌ಬ್ಯಾಂಕ್ ಒಯ್ಯಿರಿ, ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲೇ ಇಡಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ತೆಗೆಸುತ್ತಾರೆ.

ಹಳೆಯ ಆಲ್ಬಮ್ಮುಗಳಲ್ಲಿ ಫೋಟೋದ ಬೆನ್ನ ಮೇಲೆ ಮಸಿಯಲ್ಲಿ ಬರೆದಿರುತ್ತಿತ್ತು: ಎಡದಿಂದ ಬಲಕ್ಕೆ ಇಂಥಿಂಥವರು, ಇಂಥ ಮದುವೆ, ಇಂಥ ಸಂವತ್ಸರ. ಮೊಬೈಲಿನ ಫೋಟೋಕ್ಕೆ ಬೆನ್ನಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅಜ್ಜನ ಅಣ್ಣ ಯಾರು, ತಮ್ಮ ಯಾರು ಎಂದು ಮುಖ ನೋಡಿ ತಿಳಿಯುವುದಿಲ್ಲ. ಇನ್ನು ಹತ್ತು ವರ್ಷಕ್ಕೆ ಹೇಳುವವರೂ ಇರುವುದಿಲ್ಲ. ಗ್ಯಾಲರಿಯಲ್ಲಿ ಚಿತ್ರವನ್ನು ಮೇಲಕ್ಕೆ ಸರಿಸಿದರೆ ಅಥವಾ ಮಾಹಿತಿಯ ಗುರುತು ಒತ್ತಿದರೆ ವಿವರ ಬರೆಯುವ ಒಂದು ಸಾಲು ಹಲವು ಫೋನುಗಳಲ್ಲಿ ಸಿಗುತ್ತದೆ. ಆರಿಸಿದ ಹತ್ತಕ್ಕೆ ಮಾತ್ರ ಬರೆದರೆ ಸಾಕು. ಕನ್ನಡದಲ್ಲೇ ಬರೆಯಬಹುದು. ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಅವರಿಂದಲೇ ಬರೆಸಬಹುದು, ಅದೊಂದು ಪಾಠವೂ ಆದೀತು. ಹೆಸರಿನ ಜೊತೆಗೆ ಸಂಬಂಧವನ್ನೂ ಬರೆಸಿ: ಅಮ್ಮನ ಸೋದರಮಾವ, ಸಣ್ಣತ್ತೆಯ ನಾದಿನಿ, ಹೀಗೆ.

ನಮ್ಮ ಪತ್ರಿಕೆಗೆ ಊರಿನ ಜಾತ್ರೆ, ಉಪನಯನ, ಶಾಲೆಯ ವಾರ್ಷಿಕೋತ್ಸವಗಳ ಫೋಟೋ ಕಳುಹಿಸುವವರಿಗೂ ಇದೇ ಬಿನ್ನಹ. ಗುಂಪಿನಿಂದ ಬಂದದ್ದನ್ನು ಮುಂದಕ್ಕೆ ತಳ್ಳಿದರೆ ಅಚ್ಚಿನಲ್ಲಿ ಮುಖಗಳು ಹುಣಸೆಹಣ್ಣಿನಂತೆ ಬರುತ್ತವೆ. ತೆಗೆದವರ ಫೋನಿನಿಂದಲೇ, ಡಾಕ್ಯುಮೆಂಟ್ ಮಾಡಿ, ಹೆಚ್ಚೆಂದರೆ ಮೂರು ಚಿತ್ರ ಕಳುಹಿಸಿ. ಕೆಳಗೆ ಎಡದಿಂದ ಬಲಕ್ಕೆ ಹೆಸರುಗಳು, ಊರು, ತಾರೀಕು ಇರಲಿ. ಹಿಂದಿನ ಸಾಲಿನವರ ಹೆಸರನ್ನೂ ಬರೆಯಿರಿ. ಬಿಟ್ಟುಹೋದರೆ ಫೋನು ಬರುವುದು ನಮಗೆ.